ಭೂಗೋಳ ಶುರು ಮಾಡೋಕೆ ಒಂದು ಅಚ್ಚು ಬೆಲ್ಲ ಸಾಕು

ಸಮಾಜ ಪಾಠ ಮಾಡೋ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ಸ್ಥಾನ, ಸ್ಥಳದ ಗುಣ, ಮನುಷ್ಯ-ಪರಿಸರದ ನಂಟು, ಸಾಗಾಟ, ಪ್ರದೇಶ: 1984ರಲ್ಲಿ ಅಮೆರಿಕದ ಭೂಗೋಳ ಸಂಘಗಳು ಮಾಡಿದ ಭೂಗೋಳ ಪಾಠದ ಈ ಐದು ವಿಂಗಡಣೆಯನ್ನ ಬೋರ್ಡಿನ ಮೇಲೆ ಬರೆದು ಶುರು ಮಾಡಬೇಡಿ. ನಾನು ಮಾಡಿದ್ದೆ, ಮಕ್ಕಳೆಲ್ಲ ಆಕಳಿಸಿದ್ರು.

ಮೇಜಿನ ಮೇಲೆ ಅಚ್ಚು ಬೆಲ್ಲ ಇಟ್ಟು, ಎಲ್ಲಿಂದ ಬಂತು ಅಂತ ಕೇಳಿ. ಯಾವುದೋ ಊರಿನ ಆಲೆಮನೆ ಅಂತಾರೆ. ಅದು ಮಂಡ್ಯ ಜಿಲ್ಲೆಯ ಮದ್ದೂರಿಗೆ ಯಾವ ದಿಕ್ಕು ಅನ್ನೋದು ಸ್ಥಾನ. ಕುದಿಯೋ ಪಾಕದ ಘಮಲು, ಗದ್ದೆ ಬಯಲು ಸ್ಥಳದ ಗುಣ.

ಮೂರನೆಯದಾದ ಮನುಷ್ಯ-ಪರಿಸರದ ನಂಟಿಗೆ ಪೂರ್ತಿ ಒಂದು ಪೀರಿಯಡ್ ಕೊಡಿ. ರಾಗಿ ಬೆಳೀತಿದ್ದ ಒಣನೆಲಕ್ಕೆ ಇಷ್ಟೊಂದು ಕಬ್ಬು ಹೆಂಗೆ ಬಂತು? 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ನೀರಲ್ಲಿ ಮುಳುಗಿದ ಹಳೇ ಕನ್ನಂಬಾಡಿಯ ಕಥೇನೂ ಹೇಳಿ. ಲಾಭ ಒಂದೇ ಹೇಳಿದ್ರೆ ಅರ್ಧ ಪಾಠ. ಮನೇಲಿ ಅಜ್ಜಿ-ತಾತನ್ನ ಕೇಳ್ಕೊಂಡು ಬರೋಕೆ ಹೇಳಿ.

ಸಾಗಾಟಕ್ಕೆ ಕಬ್ಬಿನ ಗಾಡಿ, ಟ್ರ್ಯಾಕ್ಟರ್, ಬೆಲ್ಲದ ಲಾರಿ. ಪ್ರದೇಶಕ್ಕೆ ಜಿಲ್ಲಾ ನಕ್ಷೇಲಿ ನಾಲೆ ನೀರು ಹರಿಯೋ ಊರುಗಳಿಗೆ ಹಸಿರು ಬಳಿಸಿ. ನಾಗಮಂಗಲದ ಕಡೆ ಬಣ್ಣ ಯಾಕೆ ಕಮ್ಮಿ ಅಂತ ಅವರೇ ಕೇಳ್ತಾರೆ.

ಬೆಲ್ಲ ಮಾತ್ರ ಕೊನೇಲಿ ಹಂಚಿ. ಮೊದಲೇ ಹಂಚಿದ್ರೆ ಪಾಠ ಮುಗೀತು ಅಂತಲೇ ಲೆಕ್ಕ.