‘ಕರ್ತವ್ಯ’ ಎಂಬ ಪದವನ್ನು ಬಿಡಿಸಿ ಹೇಳುವುದು ಹೇಗೆ: ಬೆಂಥಮ್‌ನ ದಾರಿ

ಕುರ್ಚಿ ಎಂದರೇನು? ಕೂರಲು ಮಾಡಿದ ಪೀಠೋಪಕರಣ. ಮೊದಲು ಜಾತಿ, ಅಂದರೆ ಅದು ಸೇರುವ ದೊಡ್ಡ ಗುಂಪು, ಆಮೇಲೆ ವಿಶೇಷ ಲಕ್ಷಣ, ಕೆಲಸ ಮುಗಿಯಿತು. ‘ಕರ್ತವ್ಯ’ಕ್ಕೆ ಈ ಉಪಾಯ ನಡೆಯದು, ಅದನ್ನು ಸೇರಿಸಲು ಮೇಲೊಂದು ಜಾತಿಯೇ ಸಿಗುವುದಿಲ್ಲ. ಹಕ್ಕು, ಕರ್ತವ್ಯ, ಅಧಿಕಾರಗಳನ್ನು ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ (1748–1832) ಕಲ್ಪಿತ ವಸ್ತುಗಳೆಂದು ಕರೆದ. ವ್ಯಾಕರಣ ಅವಕ್ಕೆ ನಾಮಪದದ ಪಟ್ಟ ಕೊಡುತ್ತದೆ. ಅವು ಲೋಕದಲ್ಲಿ ಎಲ್ಲೋ ಇವೆ ಎಂದು ಹೇಳುವುದು ಮಾತಾಡುವವರ ಉದ್ದೇಶವಲ್ಲ.

ಹಾಗಾಗಿ ಒಂಟಿ ಪದಕ್ಕೆ ಅರ್ಥ ಹುಡುಕಬೇಡಿ, ವಾಕ್ಯದೊಳಗೆ ಇಡಿ. ‘ಸಾಲ ತೀರಿಸುವುದು ರಾಮಣ್ಣನ ಕರ್ತವ್ಯ’ ಎಂದರೆ ಸಾಲದು. ಯಾರಿಗೆ, ಯಾವಾಗ, ಕಾನೂನಿನ ಪ್ರಕಾರವೋ ನೀತಿಯ ಪ್ರಕಾರವೋ? ಬಿಟ್ಟುಹೋದದ್ದನ್ನೆಲ್ಲ ತುಂಬಿ: ‘ತಿಮ್ಮಯ್ಯನಿಂದ ಪಡೆದ ಸಾಲವನ್ನು ವಾಯಿದೆಯೊಳಗೆ ತೀರಿಸುವುದು ಕಾನೂನಿನ ಪ್ರಕಾರ ರಾಮಣ್ಣನ ಕರ್ತವ್ಯ.’ ಈ ಪದದ ಹಿಂದೆ ಬೆಂಥಮ್ ಕಂಡ ಚಿತ್ರ, ಭಾರದಡಿ ಸಿಕ್ಕಿ ಬಿದ್ದಿರುವ ಮನುಷ್ಯ. ಇದು ದಿಕ್ಕು ತೋರಿಸುತ್ತದೆ ಅಷ್ಟೆ, ವ್ಯಾಖ್ಯೆಯಲ್ಲ.

ಈಗ ಇಡೀ ವಾಕ್ಯವನ್ನೇ ಬದಲಿಸಿ: ‘ವಾಯಿದೆಯೊಳಗೆ ತೀರಿಸದಿದ್ದರೆ ನ್ಯಾಯಾಧೀಶರು ಆದೇಶ ಮಾಡುತ್ತಾರೆ, ಕೋರ್ಟಿನ ಅಮೀನ ಬಂದು ರಾಮಣ್ಣನ ಸಾಮಾನು ಜಪ್ತಿ ಮಾಡುತ್ತಾನೆ, ರಾಮಣ್ಣ ಸಂಕಟಪಡುತ್ತಾನೆ.’ ಉಳಿದದ್ದು ಮನುಷ್ಯರು, ಅವರ ಕೆಲಸಗಳು, ನೋವು. ಬೆಂಥಮ್‌ಗೆ ನೋವು-ನಲಿವು ನಿಜವಾದವು, ಬಿಡಿಸುವುದು ಅಲ್ಲಿಗೆ ನಿಲ್ಲಬೇಕು.

ಹೆಚ್ಚಾಗಿ ಕೆಡುವುದು ಇಲ್ಲೇ. ‘ಕರ್ತವ್ಯ’ ತೆಗೆದು ‘ಹೊಣೆ’, ‘ಬಾಧ್ಯತೆ’ ಎಂದು ಬರೆದರೆ ಸುತ್ತಿ ಬಂದು ಅದೇ ಜಾಗದಲ್ಲಿ ನಿಂತಂತೆ. ‘ತಿಮ್ಮಯ್ಯನ ಹಕ್ಕು’ ಎಂದು ತಂದರೂ ಅಷ್ಟೇ, ಬೆಂಥಮ್ ಹಕ್ಕನ್ನು ವಿವರಿಸುವುದೇ ಕರ್ತವ್ಯದಿಂದ. ಕರ್ತವ್ಯವನ್ನು ಮೊದಲು ಬಿಡಿಸಿ, ಹಕ್ಕನ್ನು ನಂತರ. ಇನ್ನೊಂದು ತೊಡಕು ವಿಧಾನದ್ದೇ: ರಾಮಣ್ಣ ಊರು ಬಿಟ್ಟು ಯಾರ ಕೈಗೂ ಸಿಗದೆ ಹೋದರೆ ಅವನ ಕರ್ತವ್ಯ ಅಳಿಯಿತೇ? ಇಂಥ ವಿವರಣೆಗೆ ಕಾನೂನಿನ ತತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್ 20ನೇ ಶತಮಾನದಲ್ಲಿ ಎತ್ತಿದ ಈ ಆಕ್ಷೇಪ ಬಲವಾದದ್ದೇ.

ಮೊಲದ ಕೊಂಬನ್ನು ಕಲ್ಪಿತ ವಸ್ತುಗಳ ಈ ಗುಂಪಿಗೆ ಸೇರಿಸಬೇಡಿ. ಕರ್ತವ್ಯವಿಲ್ಲದೆ ಮಾತು ಸಾಗದು, ಮೊಲದ ಕೊಂಬು ಬರೀ ಇಲ್ಲದ್ದು. ಆದರೂ ಮದ್ದು ಒಂದೇ ಬಗೆಯದು, ಪದವನ್ನು ಬಿಟ್ಟು ಇಡೀ ವಾಕ್ಯವನ್ನು ಬಿಡಿಸುವುದು. ‘ಮೊಲದ ಕೊಂಬು ಇಲ್ಲ’ ಎಂಬುದನ್ನು ನೈಯಾಯಿಕರು, ಅಂದರೆ ಭಾರತದ ನ್ಯಾಯದರ್ಶನದ ತರ್ಕಶಾಸ್ತ್ರಿಗಳು, ‘ಮೊಲದಲ್ಲಿ ಕೊಂಬಿಲ್ಲ’ ಎಂದು ಬಿಡಿಸುತ್ತಾರೆ. ಮೊಲವೂ ಉಂಟು, ಕೊಂಬೂ ಉಂಟು, ನಿಷೇಧ ಅವುಗಳ ಸಂಬಂಧಕ್ಕೆ ಮಾತ್ರ. ಹೀಗೆಯೇ 1905ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂಬುದನ್ನು ಮೂರಾಗಿ ಒಡೆದ: ಅಂಥ ರಾಜನೊಬ್ಬನಿದ್ದಾನೆ, ಒಬ್ಬನೇ ಇದ್ದಾನೆ, ಅವನ ತಲೆ ಬೋಳು. ಫ್ರಾನ್ಸಿಗೆ ಈಗ ರಾಜನೇ ಇಲ್ಲ, ಮೊದಲನೆಯದೇ ಸುಳ್ಳು, ಆದ್ದರಿಂದ ಇಡೀ ವಾಕ್ಯ ಸುಳ್ಳು. ‘ಬೋಳುತಲೆಯವನಲ್ಲ’ ಎಂದು ಬಂದರೆ ಮಾತ್ರ ‘ಅಲ್ಲ’ ಎಂಬುದು ಮೂರೂ ಕೂಡಿದ ಇಡೀ ಮಾತಿಗೆ ಸೇರಿದ್ದೋ ಕೊನೆಯದಕ್ಕೆ ಮಾತ್ರವೋ ಎಂದು ಮೊದಲು ತೀರ್ಮಾನಿಸಿ: ಇಡೀ ಮಾತಿಗೆ ಸೇರಿದರೆ ವಾಕ್ಯ ನಿಜ, ಕೊನೆಯದಕ್ಕೆ ಮಾತ್ರವಾದರೆ ಸುಳ್ಳು.