ಆಫೀಸಿನ ಫೈಲು ಮನೆಗೆ ಬರಲಿ, ಕಳ್ಳ ಬರುವುದು ಬೇಡ

ನನ್ನ ಪರಿಚಯದ ಆಡಿಟರ್ ಒಬ್ಬರ ಆಫೀಸು ಹುಬ್ಬಳ್ಳಿಯಲ್ಲಿದೆ. ಹತ್ತು ಜನ ಸಿಬ್ಬಂದಿ. ಕ್ಲೈಂಟುಗಳ ಫೈಲೆಲ್ಲ ಮೂಲೆಯಲ್ಲಿ ಮಿಣಮಿಣ ಎನ್ನುವ ಸಣ್ಣ ಪೆಟ್ಟಿಗೆಯೊಂದರಲ್ಲಿವೆ. ಅದಕ್ಕೆ ನಾಸ್ ಅಂತಾರೆ. ಹಾರ್ಡ್ ಡಿಸ್ಕ್ ತುಂಬಿ ನೆಟ್‌ವರ್ಕಿಗೆ ಜೋಡಿಸಿದ ಡಬ್ಬಿ, ಅಷ್ಟೇ. ಜುಲೈ ಬಂತು, ರಿಟರ್ನ್ಸ್ ಗಡಿಬಿಡಿ ಶುರುವಾಯಿತು. ಅದೇ ಹೊತ್ತಿಗೆ ಒಬ್ಬರು ತಾಯಿಗೆ ಹುಷಾರಿಲ್ಲವೆಂದು ಶಿರಸಿಗೆ ಹೋದರು. ಇನ್ನೊಬ್ಬ ಹುಡುಗ ಧಾರವಾಡದ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದ. ‘ಅವರಿಗೆ ಫೈಲ್ ಕಾಣೋ ಹಂಗ ಏನರ ಮಾಡ್ರಿ’ ಎಂದರು ಆಡಿಟರ್.

ಇದಕ್ಕೊಂದು ಅಡ್ಡದಾರಿ ಇದೆ. ರೂಟರಿನಲ್ಲಿ ಪೋರ್ಟ್ ಎಂಬ ಬಾಗಿಲೊಂದನ್ನು ಹೊರಗಿನವರಿಗೆ ತೆರೆದು, ಅಂದರೆ ಪೋರ್ಟ್ ಫಾರ್ವರ್ಡ್ ಮಾಡಿ, ನಾಸನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು. ಐದು ನಿಮಿಷದ ಕೆಲಸ. ದಯವಿಟ್ಟು ಮಾಡಬೇಡಿ.

2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸ್ ಫೈಲ್ ಹಂಚಿಕೆಯ ಹಳೇ ಪದ್ಧತಿಯಾದ ಎಸ್‌ಎಂಬಿ 1ರ ಬಿರುಕಿನಿಂದ. ಅದಕ್ಕೆ ಬೇಕಾದ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಅಂಥದ್ದೇ ಇನ್ನೊಂದು ಬಂತು. ಇಂಟರ್ನೆಟ್ಟಿಗೆ ಮುಖ ಮಾಡಿ ಕೂತಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್‌ಗಳನ್ನು ಹುಡುಕಿ, ಫೈಲುಗಳಿಗೆ ಬೀಗ ಜಡಿದು, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ‘ನಮ್ಮಂಥ ಸಣ್ಣ ಆಫೀಸನ್ನು ಯಾರು ಹುಡುಕ್ತಾರೆ’ ಅನ್ನಬೇಡಿ. ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಮು. ಅದಕ್ಕೆ ಬೇಸರ ಇಲ್ಲ, ರಜೆಯೂ ಇಲ್ಲ.

ಹಾಗಾಗಿ ನಾಸ್ ಒಳಗೇ ಇರಲಿ. ಜನರನ್ನು ವಿಪಿಎನ್ ಎಂಬ ಸುರಂಗದಿಂದ ಒಳಗೆ ಕರೆಸಿಕೊಳ್ಳೋಣ.

ಮೊದಲು ಪೆಟ್ಟಿಗೆಯ ಕೆಲಸ

ನಾಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಎಸ್‌ಎಂಬಿ 1 ಆಫ್ ಮಾಡಿ. ‘ಅಡ್ಮಿನ್’ ಎಂಬ ಹುಟ್ಟುಖಾತೆಯನ್ನು ಬಂದ್ ಮಾಡಿ, ಬೇರೆ ಹೆಸರಿನ ಅಡ್ಮಿನ್ ಖಾತೆ ಮಾಡಿಕೊಳ್ಳಿ. ಅದಕ್ಕೆ ಎರಡು ಹಂತದ ಲಾಗಿನ್ ಹಾಕಿ. ರೂಟರಿನಲ್ಲಿ ನಾಸ್‌ಗೆ ಬದಲಾಗದ ಐಪಿ (ನೆಟ್‌ವರ್ಕಿನ ವಿಳಾಸ) ಕೊಡಿ. ರೂಟರಿನ ಯುಪಿಎನ್‌ಪಿ ಆಫ್ ಮಾಡಿ. ಇಲ್ಲದಿದ್ದರೆ ನಿಮಗೆ ಗೊತ್ತಿಲ್ಲದೆಯೇ ಪೋರ್ಟು ತೆರೆದುಕೊಳ್ಳಬಹುದು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಆಫೀಸಿನ ನೆಟ್‌ವರ್ಕ್ 192.168.1 ರಿಂದ ಶುರುವಾಗುತ್ತಿದೆಯಾ? ಸಿಬ್ಬಂದಿಯ ಮನೆಯ ರೂಟರಿನಲ್ಲೂ ಬಹುಶಃ ಅದೇ ಇರುತ್ತದೆ. ಆಗ ಲ್ಯಾಪ್‌ಟಾಪ್ ಆಫೀಸಿನ ನಾಸ್ ಹುಡುಕುವ ಬದಲು ಮನೆಯ ಟಿವಿಯನ್ನೋ ಪ್ರಿಂಟರನ್ನೋ ಹುಡುಕುತ್ತಾ ಕೂರುತ್ತದೆ. ನಾನೇ ಒಮ್ಮೆ ಅರ್ಧ ದಿನ ಇದರಲ್ಲಿ ಕಳೆದಿದ್ದೇನೆ. ಆಫೀಸಿನದನ್ನು 192.168.47 ಅಂತಲೋ ಏನೋ ಬದಲಿಸಿಬಿಡಿ. ಭಾನುವಾರ ಮಾಡಿ, ಪ್ರಿಂಟರುಗಳು ತಕರಾರು ತೆಗೆಯುತ್ತವೆ.

ಯಾರಿಗೆ ಯಾವ ಫೋಲ್ಡರು?

ಇಡೀ ಆಫೀಸಿಗೆ ಒಂದೇ ಲಾಗಿನ್ ಇದ್ದರೆ ಇವತ್ತೇ ತೆಗೆಯಿರಿ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ‘ಜಿಎಸ್‌ಟಿ’, ‘ಆಡಿಟ್’, ‘ಸಂಬಳ’ ಅಂತ ಗುಂಪು ಮಾಡಿ, ಫೋಲ್ಡರಿನ ಹಕ್ಕನ್ನು ಗುಂಪಿಗೆ ಕೊಡಿ. ಬರೀ ನೋಡಬೇಕಾದವರಿಗೆ ನೋಡುವ ಹಕ್ಕು ಮಾತ್ರ ಸಾಕು.

ಸುರಂಗ ತೋಡುವುದು

ರೂಟರಿನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ ನೋಡಿ. ಗೂಗಲಿನಲ್ಲಿ ‘ನನ್ನ ಐಪಿ ಏನು’ ಎಂದು ಹುಡುಕಿದಾಗ ಕಾಣುವ ನಂಬರಿಗೂ ಅದಕ್ಕೂ ಹೋಲಿಸಿ. ಎರಡೂ ಒಂದೇ ಆದರೆ ಸರಿ. ಬೇರೆಯಾಗಿದ್ದು, ರೂಟರಿನದು 100.64 ರಿಂದ 100.127ರ ನಡುವೆ ಇದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನು ಹಲವರಿಗೆ ಹಂಚಿದೆ ಎಂದರ್ಥ. ಆಗ ಹೊರಗಿನಿಂದ ನಿಮ್ಮ ರೂಟರಿನ ಬಾಗಿಲು ತಟ್ಟಲು ಆಗುವುದಿಲ್ಲ.

ಸ್ವಂತ ಐಪಿ ಇದ್ದವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಒಳ್ಳೆಯದು. 2020ರಲ್ಲಿ ಇದು ಲಿನಕ್ಸ್‌ನ ತಿರುಳಾದ ಕರ್ನಲ್ಲಿನೊಳಗೇ ಸೇರಿತು. ಈಗ ಹಲವು ರೂಟರುಗಳಲ್ಲೂ ಸಿಗುತ್ತದೆ. ಇಲ್ಲವೆಂದರೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದನ್ನು ಇಟ್ಟರಾಯಿತು. ತೆರೆಯಬೇಕಾದದ್ದು ಒಂದೇ ಒಂದು ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರು ಎಷ್ಟು ತಟ್ಟಿದರೂ ಅದು ಉತ್ತರವನ್ನೇ ಕೊಡುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲ ಎಂಬಂತೆ ಸುಮ್ನೆ ಇರುತ್ತದೆ. ನನಗೆ ಅದರ ಈ ಗುಣವೇ ಇಷ್ಟ. ಪ್ರತಿ ಲ್ಯಾಪ್‌ಟಾಪಿಗೂ ಪ್ರತ್ಯೇಕ ಕೀ ಮಾಡಿ. ‘ಅಲೌಡ್ ಐಪಿ’ ಜಾಗದಲ್ಲಿ ಆಫೀಸಿನ ನೆಟ್‌ವರ್ಕ್ ಮಾತ್ರ ಬರೆಯಿರಿ. ಇಲ್ಲವಾದರೆ ಮನೆಯ ಯೂಟ್ಯೂಬ್ ಕೂಡ ಆಫೀಸಿನ ಲೈನಿನಲ್ಲೇ ಓಡುತ್ತದೆ.

ಸ್ವಂತ ಐಪಿ ಇಲ್ಲವಾ? ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ಸ್ಟಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ ಕೇಳಿ. ಅಥವಾ ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಬಳಸಿ. ಅದರಲ್ಲಿ ನಾಸ್ ಮತ್ತು ಲ್ಯಾಪ್‌ಟಾಪ್ ಎರಡೂ ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಪೋರ್ಟ್ ತೆರೆಯುವ ಮಾತೇ ಇಲ್ಲ. ಲಾಗಿನ್ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ; ಆ ಖಾತೆಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ಪಿಪಿಟಿಪಿ ಎಂಬ ಹಳೇ ವಿಪಿಎನ್ ಅನ್ನು ಯಾರಾದರೂ ಸೂಚಿಸಿದರೆ ನಮಸ್ಕಾರ ಹೇಳಿ ಕಳಿಸಿ.

ಕಡೆಗೆ ಸಿಬ್ಬಂದಿಯ ವಿಂಡೋಸಿನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಷ್, ನಾಸ್‌ನ ಐಪಿ, ಮತ್ತೊಂದು ಬ್ಯಾಕ್‌ಸ್ಲ್ಯಾಷ್, ಫೋಲ್ಡರಿನ ಹೆಸರು ಬರೆದರೆ ಝಡ್ ಡ್ರೈವ್ ಬರುತ್ತದೆ. ಇದನ್ನು ಆಫೀಸಿನ ವೈಫೈಯಲ್ಲಿ ಪರೀಕ್ಷೆ ಮಾಡಬೇಡಿ, ಏನೂ ತಿಳಿಯುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ. ವಿಪಿಎನ್ ಆನ್ ಮಾಡಿದಾಗ ಫೋಲ್ಡರ್ ತೆರೆಯಬೇಕು. ಆಫ್ ಮಾಡಿದಾಗ ತೆರೆಯಲೇಬಾರದು. ಎರಡನೆಯದನ್ನು ನೋಡದೆ ಎದ್ದು ಬರಬೇಡಿ.

ಟ್ಯಾಲಿಯ ಕತೆ ಬೇರೆ

ಎಕ್ಸೆಲ್, ಪಿಡಿಎಫ್ ಸುರಂಗದಲ್ಲಿ ಚೆನ್ನಾಗಿಯೇ ಓಡುತ್ತವೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಮಾತ್ರ ಹೀಗೆ ಮನೆಯಿಂದ ತೆರೆಯಬೇಡಿ. ಅದು ಚಿಕ್ಕ ಚಿಕ್ಕ ತುಂಡುಗಳನ್ನು ಸಾವಿರಾರು ಸಲ ಓದಿ ಬರೆಯುತ್ತದೆ. ದೂರದಿಂದ ಆಮೆಯಾಗುತ್ತದೆ. ನಡುವೆ ಲೈನ್ ಕಡಿದರೆ ಡೇಟಾ ಕೆಡುವ ಭಯವೂ ಇದೆ. ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಟ್ಯಾಲಿ ಓಡಲಿ, ಸಿಬ್ಬಂದಿ ಅದೇ ಸುರಂಗದ ಮೂಲಕ ಆ ಕಂಪ್ಯೂಟರಿನ ಪರದೆಯನ್ನೇ ಮನೆಯಲ್ಲಿ ತೋರಿಸುವ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದನ್ನು ನಡೆಸಲಿ. ಆ ಕಂಪ್ಯೂಟರಿಗೆ ವಿಂಡೋಸ್ ಪ್ರೊ ಬೇಕು. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನೂ ಹೊರಗೆ ತೆರೆಯಬೇಡಿ. ನಾಸ್, ರೂಟರ್ ಎರಡಕ್ಕೂ ಯುಪಿಎಸ್ ಇರಲಿ. ಶಿರಸಿಯಲ್ಲಿ ಕರೆಂಟಿದ್ದು ಹುಬ್ಬಳ್ಳಿಯಲ್ಲಿ ಹೋದರೂ ಕೆಲಸ ನಿಲ್ಲುತ್ತದೆ ಅಲ್ವಾ?

ಸುರಂಗ ಭದ್ರವಾಗಿದ್ದರೂ ಅದರ ಆ ತುದಿಯಲ್ಲಿ ಮನೆಯ ಲ್ಯಾಪ್‌ಟಾಪ್ ಇದೆ. ಅದಕ್ಕೆ ವೈರಸ್ ಹತ್ತಿದರೆ ಝಡ್ ಡ್ರೈವಿಗೂ ಕೈ ಚಾಚುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಈಗಲೇ ನಾಸ್‌ನಲ್ಲಿ ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್, ಅಂದರೆ ಫೈಲುಗಳ ಆ ಹೊತ್ತಿನ ಪ್ರತಿ, ತೆಗೆಯುವಂತೆ ಹಾಕಿಡಿ. ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ತೆಗೆದು, ಡಿಸ್ಕ್ ಬಿಚ್ಚಿ ಬೇರೆ ಕಡೆ ಇಡಿ. ಅದರಿಂದ ಒಂದು ಫೈಲ್ ವಾಪಸ್ ತೆಗೆದೂ ನೋಡಿ. ಲ್ಯಾಪ್‌ಟಾಪುಗಳಿಗೆ ಡಿಸ್ಕನ್ನು ಬೇರೆಯವರು ಓದದಂತೆ ಕಾಯುವ ಬಿಟ್‌ಲಾಕರ್ ಇರಲಿ. ಬಸ್ಸಿನಲ್ಲಿ ಕಳೆದುಹೋದರೆ ಆ ಒಂದು ಕೀ ಅಳಿಸಿದರೆ ಸಾಕು, ಉಳಿದವರಿಗೆ ತೊಂದರೆ ಇಲ್ಲ. ಪ್ರತ್ಯೇಕ ಕೀ ಎಂದಿದ್ದು ಅದಕ್ಕೇ.

ಯಾವ ಕೀ ಯಾರದು, ಯಾವತ್ತು ಕೊಟ್ಟಿದ್ದು ಎಂದು ಒಂದು ಪಟ್ಟಿ ಇಡಿ. ಕೆಲಸ ಬಿಟ್ಟವರ ಕೀಯನ್ನೂ ಲಾಗಿನ್ನನ್ನೂ ಅದೇ ಸಂಜೆ ತೆಗೆಯಿರಿ. ಆಡಿಟರ ಆಫೀಸಿನಲ್ಲಿ ಹಳೇ ಲಾಗಿನ್‌ಗಳನ್ನು ತೆರೆದು ನೋಡಿದೆವು. ಹನ್ನೊಂದು ಹೆಸರಿದ್ದವು. ಸಿಬ್ಬಂದಿ ಹತ್ತು ಜನ. ಹನ್ನೊಂದನೆಯವನು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.