ನಳ್ಳಿ ನಿಂತದ್ದು ಟಾನಿಕ್‌ನಿಂದಲೋ, ಮಳೆಯಿಂದಲೋ?

ಬೇಸಿಗೆಯಲ್ಲಿ ಅಡಿಕೆ ನಳ್ಳಿ (ಎಳೆಕಾಯಿ) ಉದುರತೊಡಗಿದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಯಾರಾದರೂ ಒಂದು ಟಾನಿಕ್ ಹೆಸರು ಹೇಳಿಯೇ ಹೇಳುತ್ತಾರೆ. ಬುಡಕ್ಕೆ ಹೊಯ್ದು ಸ್ವಲ್ಪ ದಿನಕ್ಕೆ ಉದುರುವುದು ನಿಂತರೆ ಟಾನಿಕ್‌ಗೆ ಶಹಬ್ಬಾಸ್. ನಡುವೆ ಎರಡು ಮಳೆ ಬಂದದ್ದು ಲೆಕ್ಕಕ್ಕೇ ಇಲ್ಲ. ಇಡೀ ತೋಟಕ್ಕೆ ದುಡ್ಡು ಸುರಿಯುವ ಮೊದಲು 20 ಮರಗಳಲ್ಲಿ ಪರೀಕ್ಷೆ ಮಾಡಿ ನೋಡಿ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ. 'ಟಾನಿಕ್ ಒಳ್ಳೆಯದಾ?' ಅಂದರೆ ಉತ್ತರ ಸಿಗುವುದಿಲ್ಲ. 'ಟಾನಿಕ್ ಹಾಕಿದ ಮರದಿಂದ 30 ದಿನಗಳಲ್ಲಿ ಬೀಳುವ ನಳ್ಳಿ ಕಡಿಮೆಯಾ?' ಅಂದರೆ ಎಣಿಸಬಹುದು.

ಇನ್ನು ಮರಗಳನ್ನು ಜೋಡಿ ಮಾಡಿ. ಕಣಿಯ ಬದಿಯ ತಂಪಿನ ಮರಕ್ಕೂ ಗುಡ್ಡದ ಬದಿಯ ಒಣ ಜಾಗದ ಮರಕ್ಕೂ ಹೋಲಿಕೆ ಸಲ್ಲದು. ಒಂದೇ ಪ್ರಾಯ, ಒಂದೇ ತಳಿ, ಒಂದೇ ರೀತಿ ನೀರು ಸಿಗುವ ಎರಡೆರಡು ಮರ ಆರಿಸಿ 10 ಜೋಡಿ ಮಾಡಿ. ಬೇರುಗಳು ಪಕ್ಕದ ಬುಡಕ್ಕೂ ಹೋಗುತ್ತವೆ. ಹಾಗಾಗಿ ಜೋಡಿಯ ಎರಡು ಮರಗಳ ನಡುವೆ ಒಂದು ಮರ ಬಿಡಿ.

ಜೋಡಿಯಲ್ಲಿ ಟಾನಿಕ್ ಯಾವುದಕ್ಕೆ? ನೀವು ಆರಿಸಬೇಡಿ, ನಾಣ್ಯ ಚಿಮ್ಮಿ. ನಾವೇ ಆರಿಸಿದರೆ ಗೊತ್ತಿಲ್ಲದೆಯೇ ಚೆನ್ನಾಗಿರುವ ಮರಕ್ಕೆ ಕೈ ಹೋಗುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹಟ ಹಿಡಿದದ್ದೂ ಇದಕ್ಕೇ: ಯಾವ ತುಂಡು ಭೂಮಿಗೆ ಯಾವ ಗೊಬ್ಬರ ಅನ್ನುವುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು.

ಜೋಡಿಯ ಇನ್ನೊಂದು ಮರಕ್ಕೆ ಅಷ್ಟೇ ಪ್ರಮಾಣದ ಬರೀ ನೀರು ಹೊಯ್ಯಿರಿ. ಇದನ್ನು ಮರೆಯುವವರೇ ಜಾಸ್ತಿ. ಟಾನಿಕ್ ಬೆರೆಸಿದ ನೀರೂ ನೀರೇ ಅಲ್ವಾ? ಮಾರ್ಚ್ ತಿಂಗಳ ಒಣ ಬುಡಕ್ಕೆ ಅದೇ ಮದ್ದಾಗಿರಬಹುದು.

ಮರಗಳಿಗೆ ನಂಬರ್ ಮಾತ್ರ ಬರೆಯಿರಿ. ಯಾವ ನಂಬರಿಗೆ ಏನು ಹಾಕಿದ್ದು ಅನ್ನುವ ಪಟ್ಟಿ ನಿಮ್ಮ ಹತ್ತಿರವೇ ಇರಲಿ, ಎಣಿಸುವವರಿಗೆ ತೋರಿಸಬೇಡಿ. ಬೆಳಿಗ್ಗೆ ಬುಡದ ನಳ್ಳಿ ಹೆಕ್ಕಿ, ಎಣಿಸಿ, ಬರೆದಿಟ್ಟು, ಗುಡಿಸಿಬಿಡಬೇಕು. ಒಂದೇ ಮರವನ್ನು 30 ದಿನ ಎಣಿಸಿದರೂ ಅದು ಒಂದೇ ಮರ. ಲೆಕ್ಕ ಗಟ್ಟಿಯಾಗುವುದು ಜೋಡಿ ಜಾಸ್ತಿಯಾದರೆ.

ಕೊನೆಗೆ ಪಟ್ಟಿ ಬಿಚ್ಚಿ. 10ರಲ್ಲಿ 6 ಜೋಡಿಯಲ್ಲಿ ಟಾನಿಕ್ ಗೆದ್ದರೆ ಹಿಗ್ಗಬೇಡಿ. ಸುಮ್ನೆ 10 ಸಲ ನಾಣ್ಯ ಚಿಮ್ಮಿದರೂ 6 ಅಥವಾ ಹೆಚ್ಚು ಸಲ ರಾಜ ಬೀಳುವ ಸಂಭವ ಶೇ. 38ರಷ್ಟಿದೆ. 9 ಅಥವಾ ಹೆಚ್ಚು ಬೀಳುವ ಸಂಭವ ಶೇ. 1 ಮಾತ್ರ. ಟಾನಿಕ್ 9 ಜೋಡಿಯಲ್ಲಿ ಗೆದ್ದರೆ ನಂಬಬಹುದು. ಆಮೇಲೂ ಉಳಿದ ನಳ್ಳಿಯ ಬೆಲೆ ಬಾಟಲಿಯ ಬೆಲೆಗಿಂತ ಹೆಚ್ಚಾ ಅಂತ ನೋಡಿ.

ಕೊಳೆರೋಗದ ಮದ್ದನ್ನು ಮಾತ್ರ ಹೀಗೆ ಬರೀ ನೀರಿನ ಜೊತೆ ಹೋಲಿಸಲು ಹೋಗಬೇಡಿ, ಮಳೆಗಾಲದಲ್ಲಿ ಮದ್ದಿಲ್ಲದ ಮರದಿಂದ ರೋಗ ತೋಟಕ್ಕೆಲ್ಲ ಹಬ್ಬೀತು. ಹೊಸ ಮದ್ದು ಒಂದು ಮರಕ್ಕಾದರೆ, ಇನ್ನೊಂದಕ್ಕೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ.